ಶುಕ್ರವಾರದ ಕೊನೆಯ ಪೀರಿಯಡ್ಡು

ವೇಳಾಪಟ್ಟಿಯಲ್ಲಿ ಅದರ ಹೆಸರು ಚಿತ್ರಕಲೆ.
ಹನ್ನೊಂದು ವರ್ಷ ಅದರಲ್ಲಿ ನಾನು
ಮಗ್ಗಿ ಹೇಳಿಸಿದ್ದೇನೆ, ಕಾಪಿ ತಿದ್ದಿದ್ದೇನೆ,
ಜಂತಿನ ಗುಳಿಗೆ ನುಂಗಿಸಿದ್ದೇನೆ, ಸಮವಸ್ತ್ರಕ್ಕೆ ಅಳತೆ ತೆಗೆದಿದ್ದೇನೆ.
ಸಾಹೇಬರು ಬರುವ ವಾರ ಮಾತ್ರ
ಬೋರ್ಡಿನ ಮೇಲೊಂದು ಮೀನು:
ಎರಡು ಬಾಗಿದ ಗೆರೆ, ಬಾಲಕ್ಕೊಂದು ತ್ರಿಕೋನ, ಕಣ್ಣಿಗೊಂದು ಚುಕ್ಕೆ.
ಹತ್ತೊಂಬತ್ತು ಪಾಟಿಯಲ್ಲಿ ಹತ್ತೊಂಬತ್ತು ಮೀನು,
ಎಲ್ಲವೂ ಎಡಕ್ಕೇ ಹೊರಟವು, ಎಲ್ಲಕ್ಕೂ ಸರಿ ಗುರುತು.

ಆ ಸಲ ಒಂದನೇ ಕ್ಲಾಸಿನ ಮಾನಸಿ ತಾಂಡೇಲ
ಪಾಟಿ ಮಗುಚಿಟ್ಟು ಕೂತಳು.
“ಅದು ಮೀನಲ್ಲ ಅಕ್ಕೋರೆ.”
“ಮತ್ತೇನು?”
“ಗೊತ್ತಿಲ್ಲ. ನಮ್ಮ ಬಲೆಗೆ ಅಂಥದ್ದು ಬೀಳೂದಿಲ್ಲ.”

ಮುಂದಿನ ಶುಕ್ರವಾರ, ಪ್ರಾರ್ಥನೆಗೂ ಮೊದಲು,
ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದಳು ಒಂದು ಬಂಗಡೆ.
ಕಿಟಕಿಯ ಕಟ್ಟೆಯ ಮೇಲೆ ಅದು ಕಾಯಿತು
ಕನ್ನಡ ಮುಗಿಯಲು, ಗಣಿತ ಮುಗಿಯಲು, ಬಿಸಿಯೂಟ, ಪರಿಸರ;
ಹಾರವಾಡದ ನೊಣಗಳೆಲ್ಲ ಅಂದು ಹಾಜರಿ ಹಾಕಿದವು.

ಕೊನೆಗೆ ಮೇಜಿನ ಮೇಲೆ ಬಿಚ್ಚಿದೆವು.
ನಾನು ಹುಟ್ಟಿದ್ದು ಬೇಲೆಕೇರಿಯಲ್ಲಿ,
ನಲವತ್ತಾರು ವರ್ಷ ಬಂಗಡೆ ತಿಂದ ಬಾಯಿ ಇದು.
ಆದರೂ ಅದರ ಬೆನ್ನಿನ ಕಪ್ಪು ಗೆರೆಗಳು
ನೀರಿಳಿದ ಮರಳಿನ ಮೇಲೆ ಉಳಿಯುವ ಗೆರೆಗಳ ಹಾಗೆಯೇ
ಬಳುಕಿ ಬಳುಕಿ ನಿಂತಿವೆಯೆಂದು
ನನಗೆ ಯಾರೂ ಹೇಳಿರಲಿಲ್ಲ. ಹೇಳುವುದೇನು ಬಂತು,
ದಿನವೂ ತೊಳೆದು, ಕೊಯ್ದು, ಖಾರ ಹಚ್ಚಿದವಳು ನಾನೇ.
ಬಾಲದ ಹತ್ತಿರ ಪುಟ್ಟ ಪುಟ್ಟ ರೆಕ್ಕೆ,
ಮೇಲೆ ಐದು, ಕೆಳಗೆ ಐದು.
ಎಣಿಸಿದವನು, ಕೂಡುವ ಲೆಕ್ಕ ಅಂದರೆ ಅಳುವ ಗಣಪು.

ಹೀಗೆ ಬಿಡಿಸಿ ಎಂದು ಯಾರಿಗೂ ಹೇಳಲಿಲ್ಲ. ನನಗೆ ಬರುತ್ತಿರಲಿಲ್ಲ.
ಅಡುಗೆಯ ಬೀರಮ್ಮ ಮನೆಯಿಂದ ಇದ್ದಿಲು ತಂದುಕೊಟ್ಟಳು.
ಹಳೇ ಮತದಾರರ ಪಟ್ಟಿಗಳ ಬೆನ್ನು ಖಾಲಿ ಇತ್ತು.
ರೋಶನಿ ವಾಸನೆ ಬಿಡಿಸಿದಳು, ಸುರುಳಿ ಸುರುಳಿಯಾಗಿ, ತನ್ನ ಮೂಗಿನ ತನಕ.
ಸಲೀಮ ಮೀನು ಬಿಟ್ಟು ಪೇಪರಿನ ಒದ್ದೆ ಕಲೆ ಬಿಡಿಸಿದ.
ಮೀನು ಮುಟ್ಟದ ಮನೆಯ ಶ್ರೀಪಾದ
ಬಾಗಿಲ ಹೊರಗೆ ನಿಂತೇ ಬಿಡಿಸಿದ, ಕಿರುಬೆರಳ ಉಗುರಿನಷ್ಟು.
“ಇಷ್ಟು ಸಣ್ಣದೇನೋ?” ಎಂದರೆ
“ಇಲ್ಲಿಂದ ಅಷ್ಟೇ ಕಾಣ್ತದೆ” ಎಂದ.
ಅದಕ್ಕೆ ಯಾವ ಗುರುತು ಹಾಕಬೇಕೋ ತಿಳಿಯದೆ
ಕೆಂಪು ಪೆನ್ನಿಗೆ ಟೊಪ್ಪಿ ಹಾಕಿದೆ.

ಸೋಮವಾರ ಮಾನಸಿಯ ಅಜ್ಜಿ ಬಂದಳು,
ತಲೆಯ ಮೇಲೆ ಬುಟ್ಟಿ, ದವಡೆಯಲ್ಲಿ ಎಲೆಯಡಿಕೆ.
“ಓದೂಕೆ ಕಳ್ಸಿದ್ದು ಅಕ್ಕೋರೆ. ಮೀನು ನಮ್ಮನೇಲೇ ಇತ್ತು.”
ತರಬೇತಿಯಲ್ಲಿ ಬರೆದುಕೊಂಡ ಮಾತುಗಳು,
ಸರ್ವತೋಮುಖ, ಸೃಜನಶೀಲ,
ಒಂದೂ ನಾಲಿಗೆಗೆ ಬರಲಿಲ್ಲ.
ಗೋಡೆಯ ಹಾಳೆಯತ್ತ ಕೈ ತೋರಿಸಿದೆ.

ಆಕೆ ಬುಟ್ಟಿ ಇಳಿಸಿದಳು. ಹತ್ತಿರ ಹೋದಳು.
ಅಕ್ಷರ ಬಾರದ ಕಣ್ಣು ತಲೆಯಿಂದ ಬಾಲಕ್ಕೆ ಓದಿತು,
ಮತ್ತೆ ಬಾಲದಿಂದ ತಲೆಗೆ.
“ಇದು ಬೆಳಗಿನ ಮೀನಲ್ಲ,” ಎಂದಳು.
“ಕಣ್ಣು ಒಳಗೆ ಹೋಗಿದೆ, ನೋಡಿ. ಹೊಟ್ಟೆ ಜಗ್ಗಿದೆ.
ಎಷ್ಟು ತಾಸು ಹೊರಗಿಟ್ಟಿದ್ರಿ?”

ಇದ್ದಿಲಿನ ಮೀನು. ಆರು ವರ್ಷದ ಕೈ.
“ಏಳು ತಾಸು,” ಎಂದೆ, ಕದ್ದು ಸಿಕ್ಕಿಬಿದ್ದವಳ ಹಾಗೆ.
“ಹ್ಞಾಂ. ಏಳೇ.”

ಮೊಮ್ಮಗಳ ತಲೆ ಸವರಲಿಲ್ಲ, ಚೆಂದ ಎನ್ನಲಿಲ್ಲ.
ಸಿಂಬಿ ಸರಿಮಾಡಿಕೊಂಡು ಬುಟ್ಟಿ ಹೊತ್ತು
ಮೆಟ್ಟಿಲಿಳಿಯುವಾಗ ಹೇಳಿದಳು:
“ಬರೂ ಶುಕ್ರವಾರ ತಾಜಾದ್ದು ಕಳಸ್ತೆ.
ಬೆಳಿಗ್ಗೆ ಬೆಳಿಗ್ಗೆನೇ ಬಿಡಿಸೂಕೆ ಹೇಳಿ.”

ಬೆಳಿಗ್ಗೆ ಕನ್ನಡವಿದೆ, ಆಮೇಲೆ ಗಣಿತ.
ದಿನಚರಿಯಲ್ಲಿ ಕಲಿಕಾಫಲ ಎಂಬ ಅಂಕಣ,
ಶುಕ್ರವಾರದ್ದು ಇನ್ನೂ ತುಂಬಿಲ್ಲ.
ಪೆನ್ನು ಹಿಡಿದಾಗ ಕಂಡಿತು
ಆ ಚೌಕದೊಳಗೇ ಒಣಗಿ ಅಂಟಿದ ಒಂದು ಹುರುಪೆ:
ಕಿಟಕಿಯ ಕಡೆ ತಿರುಗಿಸಿದರೆ ನೀಲಿ,
ಇತ್ತ ತಂದರೆ ಹಸಿರು,
ನಡುವೆ ನನಗೆ ಹೆಸರು ಗೊತ್ತಿಲ್ಲದ್ದು ಒಂದು.

ಹೆಡ್ಮಾಸ್ತರು ನೋಡದೆಯೇ ಅದರ ಪಕ್ಕ ಸಹಿ ಹಾಕಿದರು.