ಸೊನ್ನೆಯಿಂದ ಕಳೆಯುವುದು

ಅರವತ್ತು ಮಿಲಿಯ ಸೀಸೆ.
ಹದಿನೆಂಟರ ಕುಪ್ಪಿ ನಾಲ್ಕು ಸುರಿದು
ಉಳಿದ ಜಾಗಕ್ಕೆ ಗ್ಲಿಸರಿನ್ನು, ರೂಬಾರ್ಬು, ಕಸ್ಟರ್ಡಿನ ಸಾರ:
ಹನ್ನೆರಡು.
ನೆವಿಲ್ ಮೊದಲ ಸಲ ಎಳೆದು, ಕೆಮ್ಮಿ, ಕಣ್ಣೊರೆಸಿಕೊಂಡು
"ಇದು ಹೊಗೆಯಲ್ಲ ಮಗೂ, ಪುಡಿಂಗಿನ ಬೆವರು" ಅಂದ.

ಹೊಗೆ ಅಂದರೇನೆಂದು ಅವನಿಗೆ ಗೊತ್ತು.
ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ, ಮೀನಿಗೆ ಹೊಗೆ ಹಾಕುವ ಮನೆಯಲ್ಲಿ
ನಲವತ್ತೊಂದು ವರ್ಷ
ಹ್ಯಾಡಕ್ ಮೀನುಗಳನ್ನು ಸರಳಿಗೆ ಪೋಣಿಸಿ
ಮರದ ಹೊಟ್ಟಿಗೆ ಕಿಡಿ ತಾಗಿಸಿ
ಉರಿಯೂ ಏಳದ ಹಾಗೆ, ಆರಿಯೂ ಹೋಗದ ಹಾಗೆ
ರಾತ್ರಿಯಿಡೀ ಕಾಯ್ದವನು.
ಗೋಡೆಗೆ ಬೆರಳು ದಪ್ಪ ಡಾಂಬರು.
ಹೊರಬಂದು ಗಾಳಿ ಕುಡಿಯಬೇಕಾದವನು
ಹೊಸ್ತಿಲಲ್ಲೇ ನಿಂತು ಸಿಗರೇಟು ಹಚ್ಚುತ್ತಿದ್ದನಂತೆ:
"ಒಳಗಿನದು ಮೀನಿಗೆ, ಇದು ನನಗೆ."

ಒಪ್ಪಂದ ಅವನದೇ.
"ಅಂಕಿ ಹೇಳಬೇಡ ಬ್ರಿಯೊನಿ,
ಕಿವಿಗೆ ಬಿದ್ದರೆ ಗಂಟಲಿಗೂ ಗೊತ್ತಾಗಿಬಿಡುತ್ತೆ.
ನಿನ್ನ ಪಾಡಿಗೆ ನೀನು ಇಳಿಸುತ್ತ ಹೋಗು.
ಸೊನ್ನೆಯಾದ ದಿನ ಹೇಳು.
ಅವತ್ತು ಈ ಪೀಪಿಯನ್ನು ನಿನ್ನ ಮೇಜಿನ ಮೇಲಿಟ್ಟು ಹೋದವನು
ಮತ್ತೆ ಈ ಬಾಗಿಲು ತಳ್ಳಲ್ಲ."
ಕೈ ಚಾಚಿದ. ಕುಲುಕಿದೆ.
ಆಮೇಲೆ ಚಿಲ್ಲರೆ ಎಣಿಸಿದ, ಎರಡೆರಡು ಸಲ;
ಐದು ಪೆನ್ಸು ಹೆಚ್ಚು ಹಿಡಿದಿದ್ದೇನೆಂದು ತೋರಿಸಿ, ವಾಪಸ್ಸು ಪಡೆದ.

ಮೂರೂವರೆ ಕುಪ್ಪಿ. ಮೂರು.
ಎರಡಕ್ಕೆ, ಅಂದರೆ ಆರಕ್ಕೆ, ಬಂದಾಗ ಹೊರಗೆ ಆಲಿಕಲ್ಲು.
ನಾನು ಸೀಸೆ ಅಲುಗಿಸುತ್ತಿದ್ದೆ, ಅವನು
ತಂಗಿ ಮಗನ ಮದುವೆಯಲ್ಲಾದ ಜಗಳ ಹೇಳುತ್ತಿದ್ದ.
ಎರಡು ನಿಮಿಷ ಅಲುಗಿಸಬೇಕು, ಹಾಲಿನ ಹಾಗೆ ಮಬ್ಬಾಗಿ
ಮತ್ತೆ ತಿಳಿಯಾಗಬೇಕು.
ಕಪಾಟಿನ ಕತ್ತಲಲ್ಲಿ ನಾಲ್ಕು ದಿನ ಮಲಗಿಸಿದರೆ
ಕಸ್ಟರ್ಡು ಮಾಗುತ್ತದೆ, ನಿಜ;
ಶುಕ್ರವಾರ ಹನ್ನೊಂದು ಗಂಟೆಗೆ ಅಷ್ಟು ತಾಳ್ಮೆ ಎಲ್ಲಿ?
ಅವನ ಜಗಳ ಮುಗಿಯುವಷ್ಟು ಹೊತ್ತು ಅಲುಗಿಸುತ್ತಿದ್ದೆ, ಅಷ್ಟೇ.

ಒಂದು ಕುಪ್ಪಿ. ಅರ್ಧ.
ಸಿರಿಂಜಿನ ಗೆರೆಗಳು ಸಾಲದಾದವು.
ಕಡೆಯ ವಾರ ಒಂದೇ ಹನಿ,
ಹೆಪ್ಪು ಹಾಕಿದ ಹಾಗೆ.

ಮುಂದಿನ ಶುಕ್ರವಾರ ಅದೂ ಇಲ್ಲ.
ಹೇಳಬೇಕಿತ್ತು. ಬಾಯಿಗೆ ಬಂದಿತ್ತು.
ಅವನು ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತು
ಒದ್ದೆ ಟೋಪಿಯನ್ನು ಹೀಟರಿನ ಮೇಲೆ ಹರಡಿ
ಒಂದು ದಮ್ಮೆಳೆದು
"ಈ ವಾರದ್ದು ಖಾರ ಜಾಸ್ತಿಯಾಯ್ತಲ್ಲ?" ಅಂದ.
ನಾನು ಲೇಬಲ್ಲು ಅಂಟಿಸಿದೆ.

ಗಿರಾಕಿ ಹೋದಾನೆಂಬ ಭಯ ಅಂದರೆ ಸುಳ್ಳು,
ಅಲ್ಲವೇ ಅಲ್ಲ ಅಂದರೂ ಅರ್ಧ ಸುಳ್ಳು.
ಅದೂ ಒಂದು ಬೆರಕೆ; ಎಷ್ಟಕ್ಕೆ ಎಷ್ಟು, ಅಳೆಯಲಿಲ್ಲ.
ಹನ್ನೊಂದು ವಾರವಾಯಿತು.

ಇವತ್ತು ಸ್ಟೂಲಿನಿಂದ ಇಳಿಯದೆಯೇ ಕೂಗಿದ:
"ಇನ್ನೊಂದು ಚೂರು ಇಳಿಸು, ಬ್ರಿಯೊನಿ."
ಒಳಕೋಣೆಯಲ್ಲಿ ಸಿರಿಂಜು ಹಿಡಿದು ನಿಂತೆ.
ಸೊನ್ನೆಯಿಂದ ಏನನ್ನು ಕಳೆಯಲಿ?
ಕೊನೆಗೆ ರೂಬಾರ್ಬಿನ ಹುಳಿ ಎರಡು ಹನಿ ಕಮ್ಮಿ ಮಾಡಿದೆ.
ಎಳೆದ. ಮೂಗಿನಿಂದ ಬಿಟ್ಟ. ತಲೆದೂಗಿದ.
"ಹಾಂ, ಇಳಿದದ್ದು ಈಗ ಗೊತ್ತಾಗ್ತಿದೆ."

ಬಾಗಿಲ ತನಕ ಹೋಗಿ ತಿರುಗಿದ:
"ಸೊನ್ನೆಗೆ ಇನ್ನೆಷ್ಟು ದೂರ?
ಬೇಡ, ಬೇಡ, ಹೇಳಬೇಡ."

ಗಂಟೆ ಕಿಣಿಕಿಣಿ ಎಂದು ನಿಂತ ಮೇಲೆ ಹೊಳೆಯಿತು:
ಹನ್ನೊಂದು ವಾರದಿಂದ ಅವನ ಬಿಲ್ಲಿನಲ್ಲಿ
ಕುಪ್ಪಿಯ ಬೆಲೆ ಸೇರಿಸಿಲ್ಲ ನಾನು.
ಚೀಟಿಯನ್ನು ಮಡಚಿ ಎದೆಯ ಜೇಬಿಗಿಡುತ್ತಾನೆ.
ಐದು ಪೆನ್ಸಿಗೆ ಜಗಳಕ್ಕೆ ನಿಂತ ಮನುಷ್ಯ
ಯಾಕೆ ಅಗ್ಗವಾಯಿತೆಂದು ಒಮ್ಮೆಯೂ ಕೇಳಿಲ್ಲ.