ಯಾವ ಥರದ ಕಟಕಟ

ಸೆಲ್ಮಿರಾ ಅಂತೀನ್‌ಳ ಎಫ್-ಹಂಡ್ರೆಡ್
ಗುಡ್ಡದ ತಿರುವು ಇಳಿಯುವ ಮೊದಲೇ ನನಗೆ ಕೇಳಿಸಿತು.
ಬೌದಿಲಿಯೋಗೆ ಕೇಳಿಸಲಿಲ್ಲ.
ಬಾಗಿಲಿಗೆ ಬೆನ್ನು ಹಾಕಿ
ಸೋರೆಬುರುಡೆಯ ಯೆರ್ಬಾ ಕಷಾಯ ಹೀರುತ್ತಿದ್ದ.

ಎಪ್ಪತ್ನಾಲ್ಕರ ಗಾಡಿ. ಕಾಗದದಲ್ಲಿ ಹಸಿರು ಅಂತ ಬರೆದಿದೆ.
ಪಟಗೋನಿಯಾದ ಗಾಳಿ ಮರಳು ಹಾಕಿ ತಿಕ್ಕಿ ತಿಕ್ಕಿ
ಈಗ ಬಾಗಿಲ ಒಳಮೈಯಲ್ಲಷ್ಟೇ ಹಸಿರು.

"ಎಸ್ಕೆಲ್‌ನವನು ನೋಡಿದ," ಅಂದಳು, ಎಂಜಿನ್ ಆರಿಸದೆ,
"ಬೇರಿಂಗ್ ಸತ್ತಿದೆಯಂತೆ. ಎಂಜಿನ್ ಮುಗೀತಂತೆ.
ಗುಜರಿ ರೇಟಿಗೆ ತಾನೇ ತಗೊಳ್ತಾನಂತೆ."
ಹಿಂದಿನ ತೊಟ್ಟಿಯಲ್ಲಿ ಎರಡು ಕುರಿ, ಒಂದು ಗ್ಯಾಸ್ ಸಿಲಿಂಡರ್
ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿದ್ದವು.

ಬೌದಿಲಿಯೋ ನನ್ನ ಕಡೆ ತಿರುಗಿದ. "ಹೇಳು."
"ಕಟಕಟ," ಅಂದೆ.
"ಯಾವ ಥರದ ಕಟಕಟ?"

ಮೂರು ವರ್ಷದಿಂದ ನನ್ನ ಕೆಲಸ ಇದೇ.
ಪಾನಾ ಎತ್ತಿಕೊಡುವುದು ಆಮೇಲೆ,
ಮೊದಲು ಸದ್ದಿಗೊಂದು ಮಾತು ಹುಡುಕಿಕೊಡಬೇಕು.
ಬಂಡೆ ಸಿಡಿಸುವ ಗಣಿಯಲ್ಲಿ ಹದಿನೆಂಟು ವರ್ಷ ಡೀಸೆಲ್ ರಿಪೇರಿ ಮಾಡಿ
ಸಂಬಳ ತಂದ, ಕಿವಿ ಅಲ್ಲೇ ಬಿಟ್ಟುಬಂದ.

"ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗಾ?"
"ಅದು ಗಲಗಲ. ಇದು ದಪ್ಪ."
"ಹೊಲಿಗೆ ಯಂತ್ರ?"
"ಅದು ಟಿಕಟಿಕ, ಮೇಲೆ, ವಾಲ್ವ್ ಮುಚ್ಚಳದ ಹತ್ತಿರ.
ಅದೂ ಇದೆ. ಆದರೆ ಯಾವಾಗಲೂ ಇತ್ತಲ್ಲ."
"ಬಾಗಿಲು ಬಡಿದ ಹಾಗಾ?"
ಯೋಚಿಸಿದೆ. "ಹೊರಗಿನವರು ಬಡಿದ ಹಾಗಲ್ಲ.
ಒಳಗೆ ಕೂತವರು ಬೇಜಾರಿಗೆ
ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದ ಹಾಗೆ.
ಲೊಡಕ್. ಸ್ವಲ್ಪ ತಡೆದು, ಲೊಡಕ್ ಲೊಡಕ್."
ಅವನ ಹುಬ್ಬು ಕೂದಲೆಳೆಯಷ್ಟು ಮೇಲೇರಿತು.

ಪ್ಲಗ್ಗಿನ ವೈರು ಒಂದೊಂದಾಗಿ ಕಿತ್ತು ನೋಡಿದ, ಆರಕ್ಕೆ ಆರೂ.
ಪ್ರತಿ ಸಲ ಎಂಜಿನ್ ಕುಂಟಿತು, ಪ್ರತಿ ಸಲ ನನ್ನ ಮುಖ ನೋಡಿದ,
ಪ್ರತಿ ಸಲ ನಾನು ತಲೆಯಾಡಿಸಿದೆ: ಸದ್ದು ಅಷ್ಟೇ.
ಕನೆಕ್ಟಿಂಗ್ ರಾಡ್ ಆಗಿದ್ದರೆ
ಯಾವುದಾದರೊಂದು ವೈರಿಗೆ ದನಿ ತಗ್ಗಿಸುತ್ತಿತ್ತು.
ಫ್ಯಾನ್ ಬೆಲ್ಟ್ ಬಿಚ್ಚಿದ. ಅಷ್ಟೇ.

ಆಮೇಲೆ ಲೆಂಗಾ ಮರದ ಕೋಲು.
ಒಂದು ತುದಿ ಎಂಜಿನ್ನಿನ ಮೈಗೆ, ಇನ್ನೊಂದು ಹಲ್ಲಿನ ನಡುವೆ,
ಮುಂದಿನಿಂದ ಹಿಂದಕ್ಕೆ ಗೇಣು ಗೇಣಾಗಿ, ಕಣ್ಣು ಮುಚ್ಚಿ.
ಕ್ಲಚ್ಚಿನ ಗೂಡಿಗೆ ಬಂದಾಗ
ಕೊಳೆತ ಬಾದಾಮಿ ಕಚ್ಚಿದವನ ಹಾಗೆ ಮುಖ ಕಿವುಚಿದ.

ಕ್ಲಚ್ ತುಳಿ, ಅಂತ ಸೆಲ್ಮಿರಾಗೆ ಕೈಸನ್ನೆ.
ತುಳಿದಳು. ಲೊಡಕ್ ನಿಂತಿತು.
ಬಿಟ್ಟಳು. ಮತ್ತೆ ಶುರು.
ನಾನೇನೂ ಹೇಳಬೇಕಾಗಲಿಲ್ಲ.

ಮಧ್ಯಾಹ್ನದೊಳಗೆ ಗೇರ್‌ಬಾಕ್ಸ್ ಕೆಳಗಿಳಿದಿತ್ತು,
ನಮ್ಮಿಬ್ಬರ ಎದೆಯ ಮೇಲೆ ಎಂದರೂ ತಪ್ಪಲ್ಲ.
ಫ್ಲೈವೀಲಿನ ಆರು ಬೋಲ್ಟು: ನಾಲ್ಕು ಬೆರಳಲ್ಲೇ ತಿರುಗಿದವು,
ಒಂದರ ತಲೆ ಬೋಳು, ಒಂದು ಇರಲೇ ಇಲ್ಲ.
"ಎಸ್ಕೆಲ್‌ನವನಿಗೆ ಇದು ಗೊತ್ತಿರಲಿಲ್ಲ ಅಂತೀಯಾ?"
ಸೆಲ್ಮಿರಾ ಅವನ ಮುಖಕ್ಕೆ ಮುಖ ಕೊಟ್ಟೇ ಕೇಳಿದಳು.
ಬೌದಿಲಿಯೋ ತನಗೆ ಕೇಳಿಸುವುದಿಲ್ಲವೆಂದು ಕಿವಿ ತೋರಿಸಿದ.
ನಾನು ಬೋಲ್ಟಿನ ಲೆಕ್ಕ ಬರೆದೆ.

ಸಂಜೆ ಗಾಡಿ ಹೊರಟಾಗ, "ಈಗ?"
"ಹೊಲಿಗೆ ಯಂತ್ರ ಮಾತ್ರ."
"ಅದಿರಲಿ. ಅದೂ ಇಲ್ಲದಿದ್ದರೆ ಅವಳು ದಾರಿಯಲ್ಲಿ ಹೆದರುತ್ತಾಳೆ."

ಆ ರಾತ್ರಿ ಗಾಳಿ ಜೋರು. ಶೆಡ್ಡಿನ ಮೂಲೆಯ ತಗಡು,
ಮೊಳೆ ಹೋಗಿ ಎಷ್ಟು ವರ್ಷವಾಯಿತೋ,
ಬೆಳಗಿನವರೆಗೂ ಡಬಡಬ ಬಡಿದುಕೊಂಡಿತು.
ನನಗೆ ನಿದ್ದೆಯಿಲ್ಲ. ಬೆಳಕು ಹರಿದದ್ದೇ
ಏಣಿ ಹಾಕಿ ಹತ್ತಿ, ಎರಡು ಮೊಳೆ ಹೊಡೆದೆ.
ಕೇಳದವನಿಗೆ ಹೇಳುವುದೇನು ಅಂದುಕೊಂಡೆ.

ಇಳಿದು ಬಂದರೆ, ಒಂದೇ ಕಾಲಿಗೆ ಬೂಟು ಹಾಕಿಕೊಂಡು,
ಗೋಡೆಗೆ ಅಂಗೈ ಒತ್ತಿ ನಿಂತಿದ್ದಾನೆ.
"ಏನೋ ನಿಂತುಹೋಗಿದೆ," ಅಂದ.
"ಏನದು? ಹೇಳು."