ಲಿಂಟಲ್ ಮಟ್ಟ

ಇನ್ನೊಂಚೂರು ಎಡಕ್ಕೆ, ಯಮುನಕ್ಕ.
ಗೋಡೆ ಕಾಣಬೇಕು, ನೀವು ಕಾಣಬೇಕು,
ಗೋಡೆಯ ಮೇಲೆ ಏನೂ ಇಲ್ಲವೆಂಬುದೂ ಕಾಣಬೇಕು.
ಉಪಗ್ರಹ ಸಿಗುವ ತನಕ ಅಲ್ಲಾಡಬೇಡಿ.

ನಗಬೇಕಾ, ಎಂದು ಕೇಳಿದರು.
ಸುತ್ತೋಲೆಯಲ್ಲಿ ಆ ಬಗ್ಗೆ ಏನೂ ಬರೆದಿರಲಿಲ್ಲ.

ನಾನು ನಗರಸಭೆಯ ಗುತ್ತಿಗೆ ಓವರ್‌ಸಿಯರ್.
ಮನೆ ಕಟ್ಟುವುದು ನನ್ನ ಕೆಲಸವಲ್ಲ,
ಕಟ್ಟಿದಷ್ಟು ಕಟ್ಟಿದೆ ಎಂದು ಬರೆಯುವುದು.
ಪಂಚಾಂಗಕ್ಕೊಂದು ಫೋಟೋ, ಒಂದು ಕಂತು
(ಕಲ್ಲಿನ ಪಂಚಾಂಗ; ಆದರೂ
ಅದರ ಮೇಲೆ ಕೂತು ದಿನ ಎಣಿಸಿದವರುಂಟು),
ಲಿಂಟಲಿಗೊಂದು, ತಾರಸಿಗೊಂದು,
ಕಡೆಯದು ಬಾಗಿಲು ಕೂತ ಮೇಲೆ.
ನಾನೂರು ಚದರಡಿ. ಒಂದಡಿ ಹೆಚ್ಚಾದರೂ
ಬಡತನ ಸಾಲದು ಎಂದರ್ಥ.

ಲಿಂಟಲಿನ ಕಂತು ನಿಂತದ್ದು ಕಲ್ಲಿಗಲ್ಲ, ಸಿಮೆಂಟಿಗಲ್ಲ,
ಒಂದು ಅಕ್ಷರಕ್ಕೆ.
ಅಣಂಗೂರಿನ ಕನ್ನಡ ಶಾಲೆಯ ಟೀಸಿಯಲ್ಲಿ ಯಮುನಾ,
ರೇಷನ್ ಕಾರ್ಡಿಗೆ ಮಲಯಾಳದಲ್ಲಿ ಇಳಿಯುವಾಗ ಎಮುನ,
ಬ್ಯಾಂಕಿನಲ್ಲಿ ಯಾರೋ ಉತ್ತರದವನ ಕೈಗೆ ಸಿಕ್ಕಿ ಜಮುನಾ.
ವಾರ್ಡು ಸಭೆಯಲ್ಲಿ ಪಟ್ಟಿ ಓದಿದ ದಿನವೇ
ನೂರಾ ಹದಿನೇಳನೆಯ ಹೆಸರಿಗೆ ಯಾರೂ ಕೈಯೆತ್ತಲಿಲ್ಲ.
ಎಮುನ, ಎಮುನ ಎಂದು ಎರಡು ಸಲ ಕೂಗಿದರು.
ನಡುವಿನ ಬೆಂಚಿನಲ್ಲಿ ಕೂತು ಇವರೂ ಹಿಂದೆ ತಿರುಗಿದರಂತೆ,
ಯಾರಪ್ಪಾ ಆ ಪುಣ್ಯವಂತೆ ಎಂದು.

ಅರ್ಜಿ ಹಾಕಿದವಳು ಒಬ್ಬಳು, ಮನೆ ಮಂಜೂರಾದವಳು ಇನ್ನೊಬ್ಬಳು,
ದುಡ್ಡು ತಲುಪಬೇಕಾದ ಮೂರನೆಯವಳು
ಬೀಡಿ ಗೆರಸೆ ತೊಡೆಯ ಮೇಲಿಟ್ಟು
ದೈನಾಬಿಯ ಗೋಡೆಗೆ ಮೊಳೆ ಹೊಡೆದು ಕಟ್ಟಿದ
ನೀಲಿ ಟರ್ಪಾಲಿನ ಕೆಳಗೆ ಎಂಟು ತಿಂಗಳು ಕೂತಳು.
ಅಷ್ಟರಲ್ಲಿ ಕೆಂಪುಕಲ್ಲಿಗೆ ಒಂದಕ್ಕೆ ಆರು ರೂಪಾಯಿ ಏರಿತು.
ಮೇಸ್ತ್ರಿ ಕುಂಞಂಬು ಚೆರ್ಕಳದಲ್ಲಿ ಬೇರೆ ಕೆಲಸ ಹಿಡಿದ.
ಓಣಿಗೆ ಚರಂಡಿ ಎಂದು ಬಂದಿದ್ದ ದುಡ್ಡು
ಟೆಂಡರಿಗೆ ಯಾರೂ ಬಾರದೆ, ಕಾದು ಕಾದು,
ಮಾರ್ಚ್ ಮೂವತ್ತೊಂದರ ರಾತ್ರಿ
ದಾರಿ ಗೊತ್ತಿದ್ದ ದನದ ಹಾಗೆ
ತಿರುವನಂತಪುರಕ್ಕೆ ತಾನೇ ನಡೆದುಹೋಯಿತು.

ಕೊನೆಗೆ ವಿಲೇಜಾಫೀಸಿನಿಂದ ಒಂದು ಕಾಗದ ಸಿಕ್ಕಿತು.
ಇದೆಂತ ಬರ್ದದ್ದು, ಓದಿ, ಎಂದರು.
ಓದಿ ಕನ್ನಡದಲ್ಲಿ ಹೇಳಿದೆ:
ಮೇಲೆ ಕಾಣಿಸಿದ ಮೂವರೂ ಒಬ್ಬಳೇ.
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಹೌದಾ? ಮತ್ತೆ ಸಾವಿರ ಬೀಡಿ ಕಟ್ಟುವಾಗ
ಉಳಿದ ಇಬ್ಬರು ಎಲ್ಲಿಗೆ ಹೋಗ್ತಾರೆ ಮಾರಾಯ್ರೆ?"

ಸಂಜೆ ಚೆಮ್ನಾಡಿಗೆ ಮರಳುವಾಗ
ಸೇತುವೆಯ ಮೇಲೆ ಬೈಕು ನಿಲ್ಲಿಸಿದೆ.
ಕೆಳಗೆ ಚಂದ್ರಗಿರಿ, ಉಬ್ಬರಕ್ಕೆ ಹಿಂದೆ ಸರಿಯುತ್ತ.
ಇದೇ ನೀರು ಸುಳ್ಯದಲ್ಲಿ ಪಯಸ್ವಿನಿ.
ನಡುವೆ ಎಲ್ಲೋ ಹೆಸರು ಕಳಚಿಟ್ಟು ಬಂದಿದೆ.
ಯಾರ ಸಹಿಯೂ ಇಲ್ಲ. ಸಮುದ್ರ ಕೇಳಿಲ್ಲ.

ಮೇ ತಿಂಗಳಲ್ಲಿ ಮತ್ತೆ ಹೋದೆ.
ಒಳಗಿನದ್ದೂ ಒಂದು ಫೋಟೋ ಬೇಕಿತ್ತು.
ಬಾಗಿಲಿಲ್ಲದ ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ
ಚಪ್ಪಲಿ, ಎಂದರು.
ಬಿಚ್ಚಿಟ್ಟೆ.
ಮೂರು ಕಲ್ಲಿನ ಒಲೆ. ಕಿಟಕಿಯ ಕುಳಿಯಲ್ಲಿ
ಕನ್ನಡಿ, ಬಾಚಣಿಗೆ, ಬ್ಯಾಂಕಿನ ಪಾಸ್‌ಬುಕ್ಕು.
ನೆಲಕ್ಕೆ ಸೆಗಣಿ ಸಾರಿಸಿದ್ದರು,
ಬಿಸಿಲು ಆಗಲೇ ಅದನ್ನು ಬಿರಿಸಿತ್ತು.
ಹನ್ನೊಂದನೆಯ ಕಲಂ: ವಾಸ ಇದ್ದಾರೆಯೇ?
ಮಾಡಿಲ್ಲದಿದ್ದರೆ ಇಲ್ಲ ಎಂದೇ ಬರೆಯಬೇಕು.
ಹೌದು ಎಂದು ಒತ್ತಿದೆ.

ಈ ಸಲ ಯಮುನಕ್ಕ ನಗಬೇಕಾ ಎಂದು ಕೇಳಲಿಲ್ಲ;
ಒಲೆಯ ಹತ್ತಿರ ಬಗ್ಗಿ ಕೆಂಡ ಊದುತ್ತಿದ್ದರು.
ಮೇಲೆ ಅಡ್ಡ ಏನೂ ಇರಲಿಲ್ಲವಲ್ಲ,
ಉಪಗ್ರಹ ಬೇಗನೆ ಸಿಕ್ಕಿತು.